ಒಂದು ಬೆಳಗು, ನಾಲ್ಕು ಬಾಯಿ

ಬೈಬಲ್ ತನ್ನ ಮಾತನ್ನು ತಾನೇ ಸುಳ್ಳು ಮಾಡುತ್ತದೆ ಎನ್ನುವವರು ಸಾಮಾನ್ಯವಾಗಿ ಎತ್ತಿಕೊಳ್ಳುವ ಪ್ರಸಂಗ ಒಂದಿದೆ. ಯೇಸುವನ್ನು ಶಿಲುಬೆಗೇರಿಸಿದ ಮೂರನೆಯ ದಿನ, ವಾರದ ಮೊದಲ ದಿನದ ಬೆಳಗಿನ ಜಾವ, ಹೆಂಗಸರು ಸಮಾಧಿಯ ಬಳಿ ಹೋದ ಪ್ರಸಂಗ. ಹೋದವರು ಎಷ್ಟು ಮಂದಿ? ಮತ್ತಾಯ ಇಬ್ಬರ ಹೆಸರು ಹೇಳುತ್ತಾನೆ, ಮಾರ್ಕ ಮೂವರದು. ಲೂಕ ಮೂವರನ್ನು ಹೆಸರಿಸಿ, ಬೇರೆ ಹೆಂಗಸರೂ ಇದ್ದರೆಂದು ಸೇರಿಸುತ್ತಾನೆ. ಯೋಹಾನನಲ್ಲಿ ಮಗ್ದಲದ ಮರಿಯ ಒಬ್ಬಳೇ. ಆಗ ಹೊತ್ತು ಹುಟ್ಟಿತ್ತೋ ಇಲ್ಲವೋ? ಮಾರ್ಕನಲ್ಲಿ ಹುಟ್ಟಿತ್ತು, ಯೋಹಾನನಲ್ಲಿ ಇನ್ನೂ ಕತ್ತಲು. ಅಲ್ಲಿ ಅವರಿಗೆ ಕಂಡವರು ಯಾರು? ಒಬ್ಬ ದೇವದೂತ, ಒಬ್ಬ ಯುವಕ, ಹೊಳೆಯುವ ಬಟ್ಟೆಯ ಇಬ್ಬರು, ಇಬ್ಬರು ದೇವದೂತರು, ಹೀಗೆ ಪುಸ್ತಕಕ್ಕೊಂದು ಲೆಕ್ಕ.

ಈ ತಕರಾರು ಇಂದಿನದಲ್ಲ. ಎರಡನೆಯ ಶತಮಾನದಲ್ಲೇ ಕೆಲ್ಸಸ್ ಎಂಬ ಗ್ರೀಕ್ ಪಂಡಿತ, ಕೆಲವರು ಒಬ್ಬ ದೂತ ಎನ್ನುತ್ತಾರೆ, ಕೆಲವರು ಇಬ್ಬರು ಎನ್ನುತ್ತಾರೆ ಎಂದು ಎತ್ತಿ ಆಡಿದ್ದ. ಅವನ ಪುಸ್ತಕ ಉಳಿದಿಲ್ಲ. ಸುಮಾರು ೨೪೮ರಲ್ಲಿ ಒರಿಗೆನ್ ಬರೆದ ಉತ್ತರದಲ್ಲಿ ಅವನ ಮಾತುಗಳು ನಮಗೆ ಸಿಗುತ್ತವೆ. ದೂತರ ಲೆಕ್ಕಕ್ಕಿಂತ ಅವನ ಇನ್ನೊಂದು ಹೀಗಳಿಕೆ ನನಗೆ ಮುಖ್ಯವಾಗಿ ಕಾಣುತ್ತದೆ. ಎದ್ದುಬಂದವನನ್ನು ಕಂಡದ್ದಾದರೂ ಯಾರು, ಬುದ್ಧಿ ಸ್ತಿಮಿತದಲ್ಲಿಲ್ಲದ ಒಬ್ಬ ಹೆಂಗಸು ತಾನೆ, ಎಂಬ ಅರ್ಥದ ಮಾತು ಅದು. ಅದಕ್ಕೆ ಮತ್ತೆ ಬರುತ್ತೇನೆ.

ಬೈಬಲ್ಲಿನ ಪರವಾಗಿ ನಿಲ್ಲುವವರಲ್ಲಿ ಬಹಳ ಮಂದಿ ಹಿಡಿಯುವ ದಾರಿ ಹೊಲಿಗೆಯದು. ನಾಲ್ಕು ತುಂಡುಗಳನ್ನು ಹೇಗೋ ಕೂಡಿಸಿ ಒಂದೇ ಸೀರೆ ಮಾಡಿಬಿಡುವುದು. ಜರ್ಮನಿಯ ಒಸಿಯಾಂಡರ್ ೧೫೩೭ರಲ್ಲಿ ಹೀಗೆ ಹೊಲಿಯಹೊರಟು, ವಿವರ ಬೇರೆಯಾದಲ್ಲೆಲ್ಲ ಘಟನೆಯೇ ಬೇರೆ ಎಂದು ತೀರ್ಮಾನಿಸಿದ. ಅದರಂತೆ ಯಾಯೀರನ ಮಗಳು ಒಂದಕ್ಕಿಂತ ಹೆಚ್ಚು ಸಲ ಸತ್ತು ಎದ್ದಳು. (ಆ ಮಗುವಿನ ತಾಯಿಯನ್ನು ನೆನೆದರೆ ನನಗೆ ಅಯ್ಯೋ ಎನಿಸುತ್ತದೆ.) ಅಮೆರಿಕದ ಹೆರಾಲ್ಡ್ ಲಿಂಡ್ಸೆಲ್ ೧೯೭೬ರಲ್ಲಿ, ಪೇತ್ರ ತನ್ನ ಗುರುವನ್ನು ಅರಿಯೆನೆಂದದ್ದು ಮೂರು ಸಲವಲ್ಲ, ಆರು ಸಲ ಎಂದು ಲೆಕ್ಕ ಕೊಟ್ಟ. ನಾಲ್ಕು ಪುಸ್ತಕಗಳೂ ಮೂರು ಎಂದೇ ಹೇಳುತ್ತವೆ! ನಾಲ್ಕನ್ನೂ ಉಳಿಸಲು ಹೋಗಿ ನಾಲ್ಕರಲ್ಲೂ ಇಲ್ಲದ ಐದನೆಯ ಕಥೆಯನ್ನು ಹುಟ್ಟಿಸುವುದು ಎಂಥ ಭಕ್ತಿಯೋ ನಾನು ಕಾಣೆ.

ಈ ಹೊಲಿಗೆ ಬರೀ ನಗೆಪಾಟಲಾಗಿ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದರಿಂದ ಒಬ್ಬ ಹೆಂಗಸಿಗೆ ಅನ್ಯಾಯವಾಗಿದೆ. ಮಗ್ದಲದ ಮರಿಯ ಎಂದರೆ ಪಾಪಿ ಹೆಂಗಸು, ಸೂಳೆಗಾರಿಕೆ ಬಿಟ್ಟು ಬಂದವಳು ಎಂದೇ ನಮ್ಮಲ್ಲಿ ಹಲವರು ಕೇಳಿದ್ದೇವೆ, ಸಿನಿಮಾಗಳಲ್ಲೂ ನೋಡಿದ್ದೇವೆ. ಪುಸ್ತಕ ತೆರೆದು ಹುಡುಕಿ ನೋಡಿ, ಎಲ್ಲೂ ಆ ಮಾತಿಲ್ಲ. ಏಳು ದೆವ್ವಗಳ ಕಾಟದಿಂದ ಬಿಡುಗಡೆಯಾದವಳು, ತನ್ನಲ್ಲಿದ್ದುದನ್ನು ಕೊಟ್ಟು ಯೇಸುವನ್ನೂ ಶಿಷ್ಯರನ್ನೂ ನೋಡಿಕೊಂಡ ಹೆಂಗಸರಲ್ಲಿ ಒಬ್ಬಳು ಎಂದಷ್ಟೇ ಲೂಕ ಹೇಳುತ್ತಾನೆ. ೫೯೧ರಲ್ಲಿ ಪೋಪ್ ಒಂದನೆಯ ಗ್ರೆಗರಿ ತನ್ನ ಒಂದು ಪ್ರಸಂಗದಲ್ಲಿ ಮೂವರು ಹೆಂಗಸರನ್ನು ಒಬ್ಬಳನ್ನಾಗಿ ಮಾಡಿದ. ಲೂಕನ ಏಳನೆಯ ಅಧ್ಯಾಯದಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ತೊಳೆದ ಹೆಸರಿಲ್ಲದ ಪಾಪಿ, ಬೇಥಾನ್ಯದ ಮರಿಯ, ಮಗ್ದಲದ ಮರಿಯ, ಎಲ್ಲರೂ ಒಬ್ಬಳೇ. ಕಥೆಗಳ ನಡುವಿನ ಅಂತರ ಮುಚ್ಚಿತು, ಕಳಂಕ ಮಾತ್ರ ಒಬ್ಬಳ ತಲೆಯ ಮೇಲೆ ಕೂತಿತು. ರೋಮನ್ ಕ್ಯಾಥೊಲಿಕ್ ಸಭೆ ತನ್ನ ಪಂಚಾಂಗದಲ್ಲಿ ಈ ಹೆಂಗಸರನ್ನು ಬಿಡಿಸಿದ್ದು ೧೯೬೯ರಲ್ಲಿ. ಅವಳ ದಿನವಾದ ಜುಲೈ ೨೨ನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿದ್ದು ೨೦೧೬ರಲ್ಲಿ. ಸಾವಿರದ ಮುನ್ನೂರು ವರ್ಷ ದಾಟಿದ ಚಾಡಿಯನ್ನು ಒಂದು ಸುತ್ತೋಲೆ ಒರೆಸೀತೆ?

ಹಾಗಾದರೆ ವ್ಯತ್ಯಾಸಗಳಿಗೆ ನನ್ನ ಉತ್ತರವೇನು? ಕೆಲವಕ್ಕೆ ಉತ್ತರ ಸುಲಭ, ಪುಸ್ತಕವನ್ನು ನಿಧಾನವಾಗಿ ಓದಿದರೆ ಸಾಕು. ಯೋಹಾನನಲ್ಲಿ ಮರಿಯ ಒಬ್ಬಳೇ ಹೋದಂತೆ ಕಂಡರೂ, ಓಡಿಬಂದು ಸುದ್ದಿ ಹೇಳುವಾಗ ದೇಹವನ್ನು ಎಲ್ಲಿಟ್ಟರೋ ತಿಳಿಯದು ಎನ್ನಲು ಅವಳು ಬಳಸುವುದು 'ನಾನು' ಅಲ್ಲ, 'ನಾವು'. ಜೊತೆಗೆ ಯಾರೋ ಇದ್ದರು. ಹೇಳುವವನ ಕಣ್ಣು ಒಬ್ಬಳ ಮೇಲಿದೆ, ಅಷ್ಟೆ. ಮಾರ್ಕನ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ. ನಾಲ್ಕನೆಯ ಶತಮಾನದ ಸೀನಾಯಿ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಅವನ ಪುಸ್ತಕ ಆ ಮೌನದಲ್ಲೇ ನಿಂತುಬಿಡುತ್ತದೆ. ಅವರು ಕೊನೆಯವರೆಗೂ ಬಾಯಿ ಬಿಡದಿದ್ದರೆ ಮಾರ್ಕನಿಗೆ ಗೊತ್ತಾದದ್ದು ಹೇಗೆ? ಅದು ಆ ಗಳಿಗೆಯ ಮೌನ, ಆಜೀವ ಮೌನವಲ್ಲ.

ಕೆಲವಕ್ಕೆ ಉತ್ತರ ಸುಲಭವಲ್ಲ. ಮತ್ತಾಯನಲ್ಲಿ ಶಿಷ್ಯರು ಗಲಿಲಾಯಕ್ಕೆ ಹೋಗಬೇಕು, ಲೂಕನಲ್ಲಿ ಯೆರೂಸಲೇಮಿನಲ್ಲೇ ಉಳಿಯಬೇಕು. ಇದನ್ನು ನಾನು ಹೊಲಿಯಲಾರೆ, ಹೊಲಿಯುವ ಆಸೆಯೂ ನನಗಿಲ್ಲ. ಒಂದು ಅಪಘಾತವನ್ನು ನಾಲ್ಕು ಮೂಲೆಯಿಂದ ನಾಲ್ವರು ನೋಡಿದಂತೆ ಎಂಬ ಉಪಮೆಯನ್ನು ಪ್ರವಚನಗಳಲ್ಲಿ ಕೊಡುತ್ತಾರೆ. ಅದೂ ಪೂರ್ತಿ ಹೊಂದದು. ಮತ್ತಾಯ, ಲೂಕರ ಮುಂದೆ ಮಾರ್ಕನ ಪುಸ್ತಕವಿತ್ತು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಲೂಕ ಒಬ್ಬ ಯುವಕನ ಕಥೆ ಓದಿಯೂ ಇಬ್ಬರೆಂದು ಬರೆದ. ಅವನಿಗೆ ಅದು ಅಂಜಿಕೆಯ ವಿಷಯವಾಗಿರಲಿಲ್ಲ. ಅವನಿಗಿಲ್ಲದ ಅಂಜಿಕೆ ಅವನ ವಕೀಲರಿಗೇಕೆ?

ನಮಗೆ ಇದು ಅಷ್ಟು ವಿಚಿತ್ರವಾಗಿ ಕಾಣಬಾರದು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಹೆಂಡತಿ, ಇಬ್ಬರನ್ನೂ ನಾವು ಓದುತ್ತೇವೆ. ಆದರೆ ಈ ಹೋಲಿಕೆಯನ್ನು ಹೆಚ್ಚು ದೂರ ಎಳೆಯುವುದು ಸರಿಯಲ್ಲ. ಪಂಪ ಕಾವ್ಯ ಕಟ್ಟುತ್ತಿದ್ದ. ಸುವಾರ್ತೆ ಬರೆದವರು ಇದು ನಡೆಯಿತು ಎನ್ನುತ್ತಿದ್ದಾರೆ, ಆದ್ದರಿಂದ ನಡೆಯಿತೇ ಎಂದು ಕೇಳುವ ಹಕ್ಕು ಓದುಗರಿಗಿದೆ.

ಆ ಪ್ರಶ್ನೆಗೆ ನಾನು ನೋಡುವುದು ನಾಲ್ವರೂ ಎಲ್ಲಿ ಕೂಡುತ್ತಾರೆ ಎಂಬುದನ್ನು. ಕಲ್ಲು ಸರಿದಿತ್ತು. ದೇಹ ಇರಲಿಲ್ಲ. ಮೊದಲು ಹೋದವರು ಹೆಂಗಸರು, ಅವರಲ್ಲಿ ಮಗ್ದಲದ ಮರಿಯ ಇದ್ದಳು. ಇದರಲ್ಲಿ ಒಬ್ಬನೂ ತಪ್ಪುವುದಿಲ್ಲ. ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್, ಹೆಂಗಸರು ಚಂಚಲರು, ಅವರ ಸಾಕ್ಷಿಯನ್ನು ಒಪ್ಪಬಾರದು ಎಂದು ಬರೆದಿದ್ದಾನೆ. ೫೫ರ ಸುಮಾರಿಗೆ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಯೇಸುವನ್ನು ಕಂಡವರ ಪಟ್ಟಿ ಇದೆ. ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ, ಅಪೊಸ್ತಲರೆಲ್ಲರು, ಕೊನೆಗೆ ತಾನು. ಒಬ್ಬ ಹೆಂಗಸಿನ ಹೆಸರಿಲ್ಲ. ನಂಬಿಸಲೆಂದೇ ಕಥೆ ಕಟ್ಟಿದವನಿಗೆ ಈ ಪಟ್ಟಿ ಸಾಕಿತ್ತು. ಆಗ ಕೆಲ್ಸಸನ ಹೀಗಳಿಕೆಗೆ ಎಡೆಯೇ ಇರುತ್ತಿರಲಿಲ್ಲ. ಪೌಲನ ಅನಂತರ ಬರೆದ ನಾಲ್ವರು ಮತ್ತೆ ಹೆಂಗಸರನ್ನು ತಂದು ಮುಂದೆ ನಿಲ್ಲಿಸಿದರು. ಅಪೊಸ್ತಲರು ಅವರ ಮಾತನ್ನು ಹರಟೆಯೆಂದು ತಳ್ಳಿಹಾಕಿದ್ದನ್ನೂ ಲೂಕ ಮುಚ್ಚಿಡಲಿಲ್ಲ. ಸತ್ತವನು ಎದ್ದನೆಂದು ಇದರಿಂದ ಸಿದ್ಧವಾಗುವುದಿಲ್ಲ, ಅದು ನಂಬಿಕೆಯ ಮಾತು. ಹೇಳಿದವರು ಕೂಡಿ ಮಾತಾಡಿಕೊಂಡು ಹೇಳಲಿಲ್ಲ ಎಂಬುದಂತೂ ನನಗೆ ತೋರುತ್ತದೆ.

ಎಲ್ಲವನ್ನೂ ಒಂದಾಗಿಸುವ ಅವಕಾಶವೂ ಸಭೆಗೆ ಇತ್ತು. ೧೭೦ರ ಸುಮಾರಿಗೆ ತಾಟಿಯಾನ್ ಎಂಬಾತ ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಪುಸ್ತಕ ಮಾಡಿದ. ಸಿರಿಯಾದ ಸಭೆಗಳಲ್ಲಿ ಅದನ್ನು ತಲೆಮಾರುಗಳ ಕಾಲ ಓದಿದರು. ಐದನೆಯ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಪ್ರಾಂತದ ಸಭೆಗಳಿಂದ ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಆ ಜಾಗದಲ್ಲಿ ನಾಲ್ಕನ್ನೂ ಬೇರೆಬೇರೆಯಾಗಿ ಇರಿಸಿದ. ವ್ಯತ್ಯಾಸಗಳು ಅವನಿಗೆ ಕಾಣಲಿಲ್ಲವೆಂದು ಹೇಳುವಂತಿಲ್ಲ. ಮುನ್ನೂರು ವರ್ಷಗಳಿಂದ ವಿರೋಧಿಗಳು ಅವನ್ನು ಬೆರಳಿಟ್ಟು ತೋರಿಸುತ್ತಲೇ ಇದ್ದರು.

ಮಾರ್ಕನ ಮೂವರಲ್ಲಿ ಮೂರನೆಯವಳು ಸಲೋಮೆ. ಅವಳ ಹೆಸರು ಬೇರೆ ಮೂರು ಪುಸ್ತಕಗಳಲ್ಲಿ ಇಲ್ಲ. ಹೆರೋದನ ಮನೆಯ ಮೇಲ್ವಿಚಾರಕ ಕೂಜನ ಹೆಂಡತಿ ಯೊಹನ್ನ ಎಂಬವಳು, ಅರಮನೆಯ ಊಟ ಉಂಡವಳು, ಗಲಿಲಾಯದಿಂದ ನಡೆದುಬಂದು ಆ ಬೆಳಿಗ್ಗೆ ಸುಗಂಧದ್ರವ್ಯ ಹಿಡಿದು ಹೊರಟಿದ್ದಳು. ಅವಳನ್ನು ಹೆಸರು ಹಿಡಿದು ಕರೆದವನು ಲೂಕನೊಬ್ಬನೇ.