ಗಿಟಾರು ಕೇಳುವ ಬಗೆ: ಚಳ್ಳಕೆರೆ ಸೀಮೆಯ ರಸಿಕರಿಗೊಂದು ಕೈಪಿಡಿ

ನಮ್ಮ ಕಡೆ ತತ್ವಪದ ಹಾಡುವವರ ಕೈಲಿ ಏಕತಾರಿ ಕಂಡೇ ಇರುತ್ತೀರಿ. ಭಜನೆ ಮುಗಿದ ಮೇಲೆ ಅವರನ್ನು ಕೇಳಿಕೊಂಡು, ಬುರುಡೆಯ ಮುಖಕ್ಕೆ ಅಂಗೈ ಒತ್ತಿ ತಂತಿ ಮೀಟಿ ನೋಡಿ. ನಾದ ಅಲ್ಲೇ ಉಡುಗುತ್ತದೆ. ತಂತಿಗೆ ತನ್ನದೆಂಬ ದನಿ ಬಹಳ ಕಡಿಮೆ. ನಮಗೆ ಕೇಳಿಸುವುದು ಅದು ಅಲುಗಿಸಿದ ಬುರುಡೆ. ಅಕೌಸ್ಟಿಕ್ ಗಿಟಾರನ್ನು, ಅಂದರೆ ಕರೆಂಟಿನ ಹಂಗಿಲ್ಲದೆ ಮರದ ಪೆಟ್ಟಿಗೆಯಿಂದಲೇ ನುಡಿಯುವ ಗಿಟಾರನ್ನು, ಕೇಳಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಏಕತಾರಿಯಿಂದ ಗಿಟಾರಿಗೆ ದೂರವೂ ಹೆಚ್ಚಿಲ್ಲ. ಶಿಶುನಾಳ ಷರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರು ಹಿಡಿದೇ ಹಾಡಿದ್ದಾರಲ್ಲ.

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ರೋಸ್‌ವುಡ್ಡಿನ ಹೊಗಳಿಕೆ. ಅದು ನಮ್ಮ ಬೀಟೆ ಮರವೇ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಾಡುಗಳಲ್ಲಿ, ಕಾಫಿ ತೋಟಗಳಲ್ಲಿ ಬೆಳೆಯುವ ಮರ. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಮೊದಲು ಬ್ರೆಜಿಲ್ಲಿನ ಬೀಟೆಯನ್ನು ಬಳಸುತ್ತಿತ್ತು. ದಿಮ್ಮಿಗಳನ್ನು ಹೊರದೇಶಕ್ಕೆ ಬಿಡುವುದನ್ನು ಬ್ರೆಜಿಲ್ ತಡೆದಾಗ, 1969ರ ಕೊನೆಯ ಹೊತ್ತಿಗೆ ಭಾರತದ ಬೀಟೆಗೆ ಬಂತು. ಅಲ್ಲಿಂದೀಚೆಗೆ ಗಿಟಾರು ಲೋಕದಲ್ಲಿ ನಮ್ಮ ಮರಕ್ಕೆ ಎಷ್ಟು ಬೇಡಿಕೆ ಬಂತೆಂದರೆ, 2017ರ ಜನವರಿಯಲ್ಲಿ ಬೀಟೆಯ ಕುಲವೆಲ್ಲ ಸೈಟಿಸ್ ಎಂಬ, ಅಪಾಯದಲ್ಲಿರುವ ಗಿಡಮರ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧಕ್ಕೆ ಒಳಪಟ್ಟಾಗ ಗಿಟಾರು ತಯಾರಕರೇ ಗೋಳಾಡಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಹೆಮ್ಮೆ ಪಡಿ, ಆದರೆ ಬೀಟೆ ಎಂದ ಮಾತ್ರಕ್ಕೆ ಜೇಬು ಬಿಚ್ಚಬೇಡಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ರೋಜರ್ ಬಕ್ನಲ್ ಎಂಬ ನುರಿತ ಕುಶಲಿ ಒಂದೇ ಅಚ್ಚಿನ 6 ಗಿಟಾರು ಮಾಡಿಕೊಟ್ಟಿದ್ದರು. ಬೆನ್ನಿನ ಮತ್ತು ಪಕ್ಕದ ಮರವಷ್ಟೇ ಬೇರೆ ಬೇರೆ: ಎರಡು ಬಗೆಯ ಬೀಟೆ, ಮಹಾಗನಿ, ಮೇಪಲ್, ವಾಲ್ನಟ್, ಸಪೇಲಿ. ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು 52 ಮಂದಿ ವಾದಕರು ನುಡಿಸಿದರು. ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಬೆಲೆಯಲ್ಲಿ ಮಾತ್ರ ಅಂತರ ಇದ್ದೇ ಇದೆ!

ಹಾಗಾದರೆ ನಾದ ಎಲ್ಲಿದೆ? ಬಹುಪಾಲು ಮುಂದಿನ ಹಲಗೆಯಲ್ಲಿ. ಒಳ್ಳೆಯ ಗಿಟಾರಿನಲ್ಲಿ ಅದು ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಶೀತದೇಶದ ಮರದ್ದು, ದಪ್ಪ ಸುಮಾರು 3 ಮಿಲಿಮೀಟರು. 6 ಉಕ್ಕಿನ ತಂತಿಗಳು ಹತ್ತಿರ ಹತ್ತಿರ 70 ಕಿಲೋ ಭಾರದಷ್ಟು ಅದನ್ನು ಎಳೆಯುತ್ತಿರುತ್ತವೆ. ಹಲಗೆ ಸೀಳಬಾರದು, ಆದರೂ ಅಲುಗಬೇಕು. ಅದಕ್ಕೆಂದೇ ಒಳಗಡೆ ತೆಳು ಪಟ್ಟಿಗಳನ್ನು ಕತ್ತರಿಯಾಕಾರದಲ್ಲಿ ಅಂಟಿಸುತ್ತಾರೆ. ಮಾರ್ಟಿನ್ ಇದನ್ನು 1840ರ ದಶಕದಲ್ಲೇ ಮಾಡಿತ್ತು. ಮೊಬೈಲಿನ ಬೆಳಕು ಬಿಟ್ಟು, ಸಣ್ಣ ಕನ್ನಡಿ ಹಿಡಿದು ಮುಂದಿನ ಹಲಗೆಯ ರಂಧ್ರದೊಳಗೆ ನೋಡಿ. ಪಟ್ಟಿಗಳನ್ನು ನಯವಾಗಿ ಕೆತ್ತಿದ್ದಾರೆಯೇ, ಅಂಟು ಸುರಿದುಕೊಂಡಿದೆಯೇ ಎಂಬುದರಲ್ಲೇ ಮಾಡಿದವರ ಕೈ ಗೊತ್ತಾಗುತ್ತದೆ. ಆಮೇಲೆ ರಂಧ್ರದ ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಇಳಿದಿದ್ದರೆ ಇಡೀ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈವುಡ್.

ಇನ್ನು ಕೇಳುವುದು. ಅಂಗಡಿಯವನು ಜೋರಾಗಿ ಬಾರಿಸಿ ತೋರಿಸುತ್ತಾನೆ. ಟೈಲ್ಸ್ ಹಾಕಿದ ಇಕ್ಕಟ್ಟಿನ ಅಂಗಡಿಯಲ್ಲಿ ಯಾವ ಗಿಟಾರಾದರೂ ಮೊಳಗುತ್ತದೆ, ಅದಕ್ಕೆ ಮರುಳಾಗಬೇಡಿ. ದಪ್ಪ ತಂತಿಯೊಂದನ್ನೇ ಮೆಲ್ಲಗೆ ಮೀಟಲು ಹೇಳಿ, ಸುಮ್ಮನಿರಿ. ನಾದ ಹುಟ್ಟುವುದಕ್ಕಿಂತ ಅದು ಆರುವ ರೀತಿಯಲ್ಲಿ ಗುಣ ಕಾಣುತ್ತದೆ: ಒಂದೇ ಸಮನೆ ಕ್ಷೀಣಿಸುತ್ತದೋ, ನಡುವೆ ಕುಸಿದು ಬೀಳುತ್ತದೋ? ಅದೇ ಸ್ವರವನ್ನು ಕುದುರೆಯ ಹತ್ತಿರ ಮೀಟಿಸಿ, ಬಳಿಕ ರಂಧ್ರದ ಮೇಲೆ. ಮೊದಲನೆಯದು ತೆಳ್ಳಗೆ, ಚುರುಕಾಗಿ ಬರುತ್ತದೆ, ಎರಡನೆಯದು ದುಂಡಗೆ. ಈ ಎರಡರ ನಡುವಿನ ವಿಸ್ತಾರ ಹೆಚ್ಚಿದ್ದಷ್ಟೂ ವಾದಕನಿಗೆ ಬಣ್ಣ ಹೆಚ್ಚು. ಕೊನೆಗೆ ಆರೂ ತಂತಿ ಒಟ್ಟಿಗೆ. ಗದ್ದಲದಲ್ಲಿ ನಡುವಿನ ತಂತಿಗಳು ಮುಳುಗದೆ ಬೇರೆ ಬೇರೆಯಾಗಿ ಕೇಳಿದರೆ ಅದು ಒಳ್ಳೆಯ ಪೆಟ್ಟಿಗೆ. ವೀಣೆಯ ಗಮಕವನ್ನು ಮಾತ್ರ ಇದರಿಂದ ಬಯಸಬೇಡಿ. ವೀಣೆಯ ತಂತಿಯನ್ನು ಪಕ್ಕಕ್ಕೆಳೆದು ಒಂದೇ ಮೆಟ್ಟಿಲಲ್ಲಿ ಹಲವು ಸ್ವರ ತೆಗೆಯಬಹುದು. ಗಿಟಾರಿನ ಬಿಗಿ ತಂತಿ ಅಷ್ಟು ಬಗ್ಗದು. ಗಿಟಾರಿನ ಸೊಗಸು ಹಲವು ಸ್ವರಗಳ ಕೂಟದಲ್ಲಿದೆ.

ಈಗ ನಮ್ಮ ಸೀಮೆಯ ಮಾತು. ಗಿಟಾರು ಮಾಡುವವರು ಕಾರ್ಖಾನೆಯ ಗಾಳಿಯ ತೇವಾಂಶವನ್ನು ಶೇಕಡಾ 45ರಿಂದ 50ರ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತಾರೆ. ಚಳ್ಳಕೆರೆಯೋ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಒಣಗಾಳಿ ಎಳೆಗೆ ಆಗಿಬರದೆಂದು ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ; ಇಡೀ ಹಲಗೆಯ ಗಿಟಾರಿಗೂ ಅದು ಆಗದು. ಮಾರ್ಚ್ ಕಳೆಯುತ್ತಿದ್ದಂತೆ ಕತ್ತಿನ ಅಂಚಿನ ಮೇಲೆ ಬೆರಳಾಡಿಸಿ. ಲೋಹದ ಮೆಟ್ಟಿಲುಗಳ ತುದಿ ಚುಚ್ಚಿದರೆ ಮರ ಕುಗ್ಗಿದೆ ಎಂದರ್ಥ. ಆಮೇಲೆ ಮುಂದಿನ ಹಲಗೆ ತಗ್ಗುತ್ತದೆ, ತಂತಿಗಳು ಮೆಟ್ಟಿಲಿಗೆ ತಾಗಿ ಗರಗರ ಎನ್ನುತ್ತವೆ, ಕೊನೆಗೆ ಬಿರುಕು. ಕಲಿಯುವ ಹುಡುಗರಿಗೆ ನಾನು ಪ್ಲೈವುಡ್ಡನ್ನೇ ಹೇಳುತ್ತೇನೆ. ನಾದ ಸ್ವಲ್ಪ ಮಂದ, ನಿಜ, ಆದರೆ ನಮ್ಮ ಬೇಸಿಗೆ ತಡೆಯುತ್ತದೆ.

ಇಡೀ ಹಲಗೆಯದೇ ಬೇಕೆನ್ನುವವರು ಗೋಡೆಗೆ ತೂಗುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಡಿ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ನೆನೆಸಿ ಹಿಂಡಿದ ಸ್ಪಂಜು ಇಟ್ಟು, ಡಬ್ಬಿಯನ್ನು ಕತ್ತಿನ ತುದಿಯ ಕಡೆ ಸೇರಿಸಿ. ನೀರು ಮರಕ್ಕೆ ತಾಗಬಾರದು. ಜೊತೆಗೆ ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್ ಇರಲಿ. ಮುಳ್ಳು 40ಕ್ಕಿಂತ ಕೆಳಗಿಳಿದರೆ ಸ್ಪಂಜನ್ನು ಮತ್ತೆ ನೆನೆಸಿ, ಮಳೆ ಹಿಡಿದ ಮೇಲೆ ಡಬ್ಬಿಯನ್ನೇ ತೆಗೆದುಬಿಡಿ.