ತಂಗಳನ್ನದ ಪರೀಕ್ಷೆ

ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಬೀಳಗಿ ತಾಲ್ಲೂಕಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ದರ್ಬಾರು. ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು, ಅವು ಬಾಡಗಂಡಿಯ ಸಕ್ಕರೆ ಕಾರ್ಖಾನೆಯತ್ತ ತೆವಳುತ್ತವೆ. ಹಿಂದೆ ಸಿಕ್ಕಿಕೊಂಡ ಕಾರಿನವನಿಗೆ ಇರುವುದು ಎರಡೇ ದಾರಿ: ತಾಳ್ಮೆ, ಇಲ್ಲವೇ ಊಟ. ನಾನೂ ನಮ್ಮ ಅಕ್ಕನ ಮಗನೂ ಎರಡನೆಯದನ್ನು ಆರಿಸಿಕೊಂಡು ಹೆದ್ದಾರಿ ಬದಿಯ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ನುಗ್ಗಿದೆವು. ಬೋರ್ಡಿನ ಮೇಲೆ ‘ಚೈನೀಸ್, ಥಾಯ್, ತಂದೂರ್, ಸೌತ್ ಇಂಡಿಯನ್’ ಎಂದು ಬರೆದು, ಜಾಗ ಉಳಿದಿದ್ದಕ್ಕೋ ಏನೋ, ಕೆಳಗೆ ‘ಜವಾರಿ ಊಟ’ ಎಂದೂ ಸೇರಿಸಿದ್ದರು.

ಮೆನು ಹನ್ನೊಂದು ಪುಟ. ಹುಡುಗನ ಕಣ್ಣು ಅರಳಿತು.

‘ಮಾಮಾ, ಇಲ್ಲಿ ಮೊಮೊ ಐತಿ, ಥಾಯ್ ಕರ‍್ರಿ ಐತಿ!’

‘ಇರ‍್ಲಿ. ಮೊದ್ಲ ಫ್ರೈಡ್ ರೈಸಿನ ಅನ್ನ ಯಾವಾಗಿಂದು ಕೇಳೋಣು.’

ಕೇಳಿದೆ. ಮಾಣಿಯ ಮುಖ ಗಂಟಿಕ್ಕಿತು. ‘ಈಗಿಂದೀಗ ಬಿಸಿ ಅನ್ನ ಮಾಡಿ ಕೊಡ್ತೇವ್ರಿ ಕಾಕಾ. ತಂಗಳದ್ದು ನಮ್ಮಲ್ಲಿ ನಡಿಯಂಗಿಲ್ಲ.’

ಪಾಪ, ಅವನು ಮಾನ ಉಳಿಸಿಕೊಂಡೆ ಅಂದುಕೊಂಡ. ನನಗೆ ಮಾತ್ರ ಅಲ್ಲಿಗೇ ಅರ್ಧ ಊಟ ಮುಗಿದಿತ್ತು.

ಫ್ರೈಡ್ ರೈಸ್ ಎಂಬುದು ತಂಗಳನ್ನದ ಅಡುಗೆ. ಆಗಷ್ಟೇ ಇಳಿಸಿದ ಅನ್ನದಲ್ಲಿ ಹಬೆ, ತೇವ ತುಂಬಿರುತ್ತದೆ. ಅದನ್ನು ಕಡಾಯಿಗೆ ಸುರಿದರೆ ಭಟ್ಟಿಯ ಬೆಂಕಿಯೆಲ್ಲ ಆ ನೀರನ್ನು ಆರಿಸುವುದರಲ್ಲೇ ಮುಗಿಯುತ್ತದೆ. ಅನ್ನ ಹುರಿಯುವುದಿಲ್ಲ, ಎರಡನೇ ಸಲ ಬೇಯುತ್ತದೆ. ಒಂದು ರಾತ್ರಿ ತಣ್ಣಗಿಟ್ಟರೆ ಅನ್ನದ ಪಿಷ್ಟ ಬಿಗಿಯುತ್ತದೆ, ಮೇಲಿನ ಪಸೆ ಆರುತ್ತದೆ, ಅಗುಳು ಅಗುಳಿಗೆ ಅಂಟುವುದಿಲ್ಲ. ಆಮೇಲೆ ಹೊಗೆಯಾಡುವ ಎಣ್ಣೆಗೆ ಬಿದ್ದಾಗ ಪ್ರತಿ ಅಗುಳೂ ಬೇರೆಬೇರೆಯಾಗಿ ಸುಡುತ್ತದೆ. ಕ್ಯಾಂಟನ್ನಿನ ಬಾಣಸಿಗರು ‘ಕಡಾಯಿಯ ಉಸಿರು’ ಎಂದು ಕರೆಯುವ ಆ ಸುಟ್ಟ ಘಮ ಹುಟ್ಟುವುದು ಹಾಗೆ.

ಇದನ್ನು ಕಲಿಯಲು ಚೀನಾಕ್ಕೆ ಹೋಗಬೇಕಿಲ್ಲ. ರಾತ್ರಿ ಉಳಿದ ಅನ್ನಕ್ಕೆ ಮುಂಜಾನೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡದ ಅವ್ವ ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ನಮ್ಮದು ಜೋಳದ ಸೀಮೆ. ರೊಟ್ಟಿ ಊಟದ ಕಡೆಗೆ ಬರುವ ಅನ್ನವನ್ನು ಲೆಕ್ಕವಿಟ್ಟೇ ಮಾಡುತ್ತಿದ್ದರು, ಉಳಿದರೆ ಚೆಲ್ಲುತ್ತಿರಲಿಲ್ಲ. ಅದೇ ಅವ್ವಂದಿರ ಮಕ್ಕಳು ಹೋಟೆಲ್ ಇಟ್ಟ ಕೂಡಲೇ ‘ತಂಗಳು’ ಎಂಬ ಮಾತಿಗೆ ನಾಚುವುದೇಕೋ ತಿಳಿಯದು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ತಂಗಳೆಂದರೆ ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯೆಲ್ಲ ಬಿಟ್ಟದ್ದಲ್ಲ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ವಾಂತಿ ಹಿಡಿದಾಗ ಹುಡುಕಿ ಸಿಕ್ಕ ಕಾರಣ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು. ಅನ್ನ ಬೆಂದರೂ ಅದರ ಬೀಜಕಣ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ವಿಷ ಕಾರುತ್ತದೆ, ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಅನ್ನವನ್ನು ಪರಾತದಲ್ಲಿ ಹರವಿ, ಬೇಗ ಆರಿಸಿ, ಫ್ರಿಜ್ಜಿಗೆ ಸೇರಿಸಬೇಕು. ಬಾಗಲಕೋಟೆಯ ಬಿಸಿಲಿನಲ್ಲಂತೂ ಇದಕ್ಕೆ ವಿನಾಯಿತಿ ಇಲ್ಲ.

ಬಂದ ಫ್ರೈಡ್ ರೈಸ್ ನಾನು ಹೆದರಿದಂತೆಯೇ ಇತ್ತು. ಸೋಯಾ ಸಾಸು ಹಾಕಿದ ಉಪ್ಪಿಟ್ಟು.

ಇಂಥ ಕಡೆ ನನ್ನ ನಿಯಮ ಇಷ್ಟೇ: ಆ ಭಟ್ಟಿಗೆ ದಿನವೂ ರೂಢಿಯಿರುವುದನ್ನು ಕೇಳಬೇಕು. ನಮ್ಮ ಭಟ್ಟಿಗಳಿಗೆ ರೂಢಿಯಿರುವುದು ಗೋಬಿ ಮಂಚೂರಿ. ಅದಕ್ಕೂ ಮಂಚೂರಿಯಾಕ್ಕೂ ಹೆಸರಿನ ಸಂಬಂಧ ಮಾತ್ರ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆ ಹಾಕುವ ಜಾಗದಲ್ಲಿ ಸೋಯಾ ಸಾಸು ಸುರಿದು, ಕೋಳಿ ತುಂಡುಗಳ ಜೊತೆ ಕೊಟ್ಟದ್ದೇ ಮೊದಲ ಮಂಚೂರಿ ಎಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ಕಡೆಯ ತಳ್ಳುಗಾಡಿಗೆ ಬಂದು ಮುಟ್ಟುವಷ್ಟರಲ್ಲಿ ಕೋಳಿ ಹಾರಿಹೋಗಿ ಹೂಕೋಸು ಕೂತಿತ್ತು.

ಸರಕು ನೋಡಿದರೆ ಅದು ಪೂರಾ ಜವಾರಿಯೇ. ಕಾರ್ನ್‌ಫ್ಲೋರ್ ಎಂದರೆ ಗೊಂಜಾಳದ ಪಿಷ್ಟ. ಅದನ್ನು ತೆಗೆಯುವ ಕಾರ್ಖಾನೆ ಪಕ್ಕದ ಬೆಳಗಾವಿ ಜಿಲ್ಲೆಯ ಗೋಕಾಕದಲ್ಲೇ ಇದೆ. ಸಾಸಿನ ಸಿಹಿ ಕಬ್ಬಿನದು. ಅಷ್ಟೇಕೆ, ಅಡುಗೆಯವರು ಚಿಟಿಕೆ ಹಾಕುವ ‘ಟೇಸ್ಟಿಂಗ್ ಪೌಡರ್’ ಕೂಡ ನಮಗೆ ದೂರದ ನೆಂಟ. ಟೋಕಿಯೋದ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಆ ರುಚಿಯ ಮೂಲವನ್ನು ಬೇರ್ಪಡಿಸಿದರು. ಅಜಿನೊಮೊಟೊ ಎಂಬ ಹೆಸರಿನ ಅರ್ಥವೂ ರುಚಿಯ ಮೂಲವೆಂದೇ. 1950ರ ದಶಕದಲ್ಲಿ ಅದನ್ನು ಸೂಕ್ಷ್ಮಾಣುಗಳಿಂದ ಹುದುಗಿಸಿ ತೆಗೆಯುವ ವಿಧಾನ ಜಪಾನಿನಲ್ಲೇ ಸಿಕ್ಕಿತು. ಆ ಸೂಕ್ಷ್ಮಾಣುಗಳಿಗೆ ಹಾಕುವ ಮೇವುಗಳಲ್ಲಿ ಕಾಕಂಬಿಯೂ ಒಂದು. ಸಕ್ಕರೆ ತೆಗೆದ ಮೇಲೆ ಉಳಿಯುವ, ಕಾರ್ಖಾನೆ ಊರಿನವರಿಗೆ ವಾಸನೆಯಿಂದಲೇ ಗೊತ್ತಿರುವ ಅದೇ ಕಪ್ಪು ಕಾಕಂಬಿ! ನಮ್ಮದು ಹೆಚ್ಚಾಗಿ ಸ್ಪಿರಿಟ್, ಎಥೆನಾಲ್ ಆಗಿ ಹೋಗುತ್ತದೆ, ಆ ಮಾತು ಬೇರೆ. ಈ ಪುಡಿಯ ಬಗ್ಗೆ ನನ್ನ ತಕರಾರು ಆರೋಗ್ಯದ್ದಲ್ಲ. ಸೊಪ್ಪು, ಎಲುಬು, ಅಣಬೆ ಕುದಿಸಿ ಸಾರು ತೆಗೆಯಬೇಕಾದವನು ಇದನ್ನು ಉದುರಿಸಿ ಕೈ ತೊಳೆದುಕೊಳ್ಳುತ್ತಾನಲ್ಲ, ಆ ಸೋಮಾರಿತನದ್ದು.

ಬಣ್ಣದ ತಕರಾರು ಮಾತ್ರ ಆರೋಗ್ಯದ್ದೇ. 2024ರ ಮಾರ್ಚಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ರಾಜ್ಯದಲ್ಲಿ ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡಿದ್ದವು. ಸುದ್ದಿ ಬಂದಾಗ ಗಾಡಿಯವರು ‘ಕೆಂಪಿಲ್ಲದ ಗೋಬಿ ಯಾರು ತಿಂತಾರ್ರಿ’ ಎಂದು ಗೋಳಾಡಿದರು. ಅತ್ತ ಬ್ಯಾಡಗಿ ಮೆಣಸಿನಕಾಯಿ ರಾಶಿ ಬಿದ್ದಿರುವಾಗ ಈ ಗೋಳು! ಖಾರ ಕಡಿಮೆ, ಬಣ್ಣ ದಂಡಿ; ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಬೀಜ ತೆಗೆದು, ನುಣ್ಣಗೆ ಅರೆದು, ಬೆಳ್ಳುಳ್ಳಿಯ ಜೊತೆ ಎಣ್ಣೆ ಬಿಡುವ ತನಕ ಹುರಿದರೆ ಬರುವ ಕೆಂಪು ಯಾವ ಡಬ್ಬಿಯಲ್ಲೂ ಇಲ್ಲ. ಅಂದು ನಮ್ಮ ತಾಟಿಗೆ ಬಂದ ಮಂಚೂರಿ ಕಂದು ಬಣ್ಣದ್ದು, ಗರಿಗರಿಯಾಗಿತ್ತು. ಹೂಕೋಸನ್ನು ಎರಡು ಸಲ ಕರಿದಿದ್ದರು, ಸಾಸಿನಲ್ಲಿ ಮುಳುಗಿಸದೆ ಬರೀ ಹೊರಳಿಸಿದ್ದರು. ಅಡುಗೆಯ ಹುಡುಗ ನೇಪಾಳದವನಂತೆ. ಕರೆಸಿ ಶಾಭಾಸ್ ಹೇಳಿದೆ. ನಕ್ಕು ಒಳಗೆ ಹೋದ.

ಥಾಯ್ ಹಸಿರು ಕರ‍್ರಿಯ ವಿಷಯ ಬೇಗ ಮುಗಿಸುತ್ತೇನೆ. ಮಜ್ಜಿಗೆಹುಲ್ಲು ಇಲ್ಲ, ಗಲಂಗಲ್ ಇಲ್ಲ, ತೆಂಗಿನಹಾಲು ಹೆಸರಿಗಷ್ಟೇ. ಅದು ಪಾಲಕ್ ಪನೀರಿನ ತಮ್ಮ.

ಮೊಮೊ ಬಂದಾಗ ಹುಡುಗ ‘ಇದು ಕಡಬು ಅಲ್ಲೇನ್ ಮಾಮಾ?’ ಎಂದ. ಹೌದಲ್ಲ! ಹಿಟ್ಟಿನ ಹಾಳೆಯಲ್ಲಿ ಹೂರಣವಿಟ್ಟು ಹಬೆಯಲ್ಲಿ ಬೇಯಿಸುವುದು ನಮಗೇನು ಹೊಸತೆ? ಆದರೆ ಇದರ ಹಾಳೆ ದಪ್ಪವಾಗಿತ್ತು, ಅಂಚು ಹಸಿಯಾಗಿತ್ತು, ಫ್ರೀಜರಿನಿಂದ ನೇರ ಬಂದದ್ದು ಬಾಯಿಗಿಡುವ ಮೊದಲೇ ಗೊತ್ತಾಯಿತು. ನಮ್ಮ ಭಾಗದವರು ಸರಿಯಾದ ಮೊಮೊ ತಿನ್ನಬೇಕೆಂದರೆ ಮುಂಡಗೋಡಕ್ಕೆ ಹೋಗಬೇಕು. ಹುಬ್ಬಳ್ಳಿ ದಾಟಿ ಒಂದು ತಾಸು. 1966ರಿಂದ ಟಿಬೆಟನ್ನರು ಅಲ್ಲಿ ನೆಲೆಸಿದ್ದಾರೆ. ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲೇ ಮತ್ತೆ ಎದ್ದಿವೆ. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುತ್ತಾರಲ್ಲ, ಅವರು. ಕ್ಯಾಂಪಿನ ಸಣ್ಣ ಹೋಟೆಲುಗಳಲ್ಲಿ ಹಾಳೆ ತೆಳ್ಳಗೆ ಲಟ್ಟಿಸಿರುತ್ತಾರೆ, ಕಚ್ಚಿದರೆ ಒಳಗಿನ ರಸ ಗದ್ದಕ್ಕೆ ಇಳಿಯುತ್ತದೆ. ಥೆನ್ಥುಕ್ ಕೇಳಿ. ಗೋದಿ ಹಿಟ್ಟನ್ನು ಕೈಯಲ್ಲೇ ಚಪ್ಪಟೆಯಾಗಿ ಎಳೆದು, ತುಂಡು ಹರಿದು, ಕುದಿಯುವ ಸಾರಿಗೆ ಎಸೆಯುತ್ತಾರೆ. ಮನೆಯಲ್ಲಿ ಚಕೋಲಿ ತಿಂದು ಬೆಳೆದವರಿಗೆ ಬಟ್ಟಲು ಮುಂದೆ ಬಂದ ಕೂಡಲೇ ಗುರುತು ಹತ್ತುತ್ತದೆ; ಬೇಳೆಯ ಬದಲು ಸಾರು, ಅಷ್ಟೇ ಫರಕು.

ಬಿಲ್ ತರುವಾಗ ಮಾಣಿ ಉಳಿದ ಫ್ರೈಡ್ ರೈಸ್ ನೋಡಿ ‘ಚಲೋ ಆಗಿದ್ದಿಲ್ಲೇನ್ರಿ?’ ಎಂದ. ಚಲೋ ಐತಿ, ಪಾರ್ಸಲ್ ಕಟ್ಟು ಅಂದೆ. ಹುಡುಗ ವಿಚಿತ್ರವಾಗಿ ನೋಡಿದ. ಕೊಲ್ಹಾರದಲ್ಲಿ ಇಳಿದು ಒಂದು ಗಡಿಗೆ ಮೊಸರು ಕೊಂಡು ವಿಜಯಪುರದ ದಾರಿ ಹಿಡಿದೆವು. ಪೊಟ್ಟಣ ಆ ರಾತ್ರಿ ಅಕ್ಕನ ಮನೆಯ ಫ್ರಿಜ್ಜಿನಲ್ಲಿ ಕಳೆಯಿತು.

ಮುಂಜಾನೆ ಅಕ್ಕ ಕಬ್ಬಿಣದ ಬಾಣಲೆ ಹೊಗೆ ಬರುವ ತನಕ ಕಾಯಿಸಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಆ ಅನ್ನ ಸುರಿದು ಎರಡು ನಿಮಿಷ ಕೈಯಾಡಿಸಿದಳು. ಅಗುಳು ಬಿಡಿಬಿಡಿಯಾಗಿ ಜಿಗಿಯುತ್ತಿದ್ದವು. ಹುಡುಗ ಮೊಸರು ಹಚ್ಚಿಕೊಂಡು ಎರಡು ಸಲ ಹಾಕಿಸಿಕೊಂಡ. ನನಗೆ ಉಳಿದದ್ದು ಬಾಣಲೆಯ ತಳದ ಸೀಕಲು; ಅದೇ ಎಲ್ಲಕ್ಕಿಂತ ರುಚಿಯಾಗಿತ್ತು.