ಕೀಲಿಕೈ ಯಾರ ಟೊಂಕದಾಗ ಐತಿ?

"ಫೇಸ್‌ಬುಕ್ ಬಿಡ್ರಿ, ಟ್ವಿಟರ್ ಬಿಡ್ರಿ, ಮಾಸ್ಟೊಡಾನಿಗೆ ಬರ್ರಿ. ಅಲ್ಲೆ ಒಡೆಯ ಅನ್ನಾವ ಇಲ್ಲ." ಹೀಗೆ ಹೇಳುವ ಗೆಳೆಯರು ಈಗ ನಮ್ಮ ನಡುವೆಯೂ ಇದ್ದಾರೆ. ಹೆಚ್ಚಿನವರು ಓದಿದ ಹುಡುಗರು, ಪ್ರಾಮಾಣಿಕರು. ನಮ್ಮ ಮಾತು, ನಮ್ಮ ಮೋರೆ, ನಮ್ಮ ಗೆಳೆತನ ಎಲ್ಲವನ್ನೂ ಜಾಹೀರಾತಿನ ಸರಕು ಮಾಡಿಕೊಂಡ ಬಂಡವಾಳಶಾಹಿ ಕಂಪನಿಗಳನ್ನು ಕಂಡು ರೋಸಿದವರು. ಅವರ ಸಿಟ್ಟು ನಮ್ಮದೂ ಹೌದು. ಆದರೆ ಒಡೆಯನಿಲ್ಲದ ಊರು ಎಂದೊಡನೆ ನಮ್ಮಂಥವರಿಗೆ ಆಸೆಯ ಜೊತೆಗೇ ಸಂಶಯವೂ ಹುಟ್ಟುತ್ತದೆ. ಅಂಥ ಊರನ್ನು ನಾವು ಈವರೆಗೆ ಕಂಡಿಲ್ಲ.

ಈ ಜಾಲ ಅಂದರೇನು ಎಂಬುದನ್ನು ಮೊದಲು ತಿಳಿಯೋಣ. ಫೇಸ್‌ಬುಕ್ ಒಂದು ದೊಡ್ಡ ವಾಡೆ ಇದ್ದ ಹಾಗೆ. ಕೋಟಿ ಕೋಟಿ ಜನ ಅದರ ಅಂಗಳದಲ್ಲೇ ಕೂತು ಮಾತಾಡಬೇಕು. ಅಂಗಳ, ಗೋಡೆ, ದಫ್ತರ ಎಲ್ಲ ಒಬ್ಬನದು. ಮಾಸ್ಟೊಡಾನ್ ಹಾಗಲ್ಲ. ಜರ್ಮನಿಯಲ್ಲಿರುವ ಯೂಜೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಪಡೆದು ತಮ್ಮದೇ ಯಂತ್ರದಲ್ಲಿ ನಡೆಸಬಹುದು. ಆ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಊರೂರಿಗೆ ಅಂಚೆ ಕಚೇರಿ ಇದ್ದಂತೆ ಒಂದೊಂದು ಗುಂಪಿಗೆ ಒಂದೊಂದು ಸರ್ವರ್. ಧಾರವಾಡದ ಕಚೇರಿಯಲ್ಲಿ ಹೆಸರು ಹಚ್ಚಿದವರು ಕಲಬುರಗಿಯ ಕಚೇರಿಯವರಿಗೆ ಬರೆಯಬಹುದು. ಕಚೇರಿಗಳ ನಡುವಿನ ಈ ಒಪ್ಪಂದಕ್ಕೆ ಆಕ್ಟಿವಿಟಿಪಬ್ ಎಂದು ಹೆಸರು. 2018ರ ಜನವರಿಯಲ್ಲಿ ಅದಕ್ಕೆ ಜಾಗತಿಕ ಮಾನ್ಯತೆ ಸಿಕ್ಕಿತು. ಜಾಹೀರಾತು ಇಲ್ಲ. ಫೋನ್ ನಂಬರು, ಅಪ್ಪ ಇಟ್ಟ ಹೆಸರು ಇದ್ಯಾವುದನ್ನೂ ಕೇಳುವುದಿಲ್ಲ. ಇ-ಮೇಲ್ ಒಂದಿದ್ದರೆ ನಡೆಯುತ್ತದೆ.

ನಮ್ಮ ದೇಶದ ಮಂದಿ ದೊಡ್ಡ ಸಂಖ್ಯೆಯಲ್ಲಿ ಇದರ ಕಡೆ ಮುಖ ಮಾಡಿದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಬಂದ್ ಮಾಡಿತ್ತು. ನಾಜಿ ಸಲಾಮು ಹೊಡೆಯದೆ ಕೈಕಟ್ಟಿ ನಿಂತ ಒಬ್ಬ ಜರ್ಮನ್ ಕಾರ್ಮಿಕನ ಹಳೆಯ ಫೋಟೊ ಹಾಕಿದ್ದು ಅವರ ಅಪರಾಧ! ಅದೇ ಹೊತ್ತಿಗೆ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೂ ನಿರ್ಬಂಧ ಬಿತ್ತು. ನೀಲಿ ಗುರುತು ಕೊಡುವುದರಲ್ಲೂ ಟ್ವಿಟರ್ ಜಾತಿ ನೋಡುತ್ತದೆಂದು ದಲಿತ, ಆದಿವಾಸಿ, ಹಿಂದುಳಿದ ವರ್ಗದ ತರುಣರು ಸಿಡಿದೆದ್ದರು. ಸಾವಿರಾರು ಜನ ಮಾಸ್ಟೊಡಾನಿಗೆ ಹೋದರು. ಬಹಳ ಜನ ಮರಳಿ ಬಂದರು. "ಅಲ್ಲೆ ಮಂದೀನ ಇಲ್ಲ" ಎಂಬುದು ಒಂದು ಉತ್ತರ. ಅದಕ್ಕಿಂತ ಆಳದ ಉತ್ತರ ನಮಗೆ ಬೇಕಾಗಿದೆ.

ಅದಕ್ಕೆ ಮೊದಲು ನಮ್ಮೊಳಗಿನ ಒಂದು ತಪ್ಪು ತಿಳಿವಳಿಕೆಯನ್ನು ಕಿತ್ತು ಹಾಕಬೇಕು. ಖಾಸಗಿತನ ಎಂಬುದು ಹೊಟ್ಟೆ ತುಂಬಿದವರ ಶೋಕಿ ಎಂದು ನಮ್ಮ ಕಾರ್ಯಕರ್ತರೇ ಆಡುತ್ತಾರೆ. ಇದು ಸರ್ಕಾರಿ ವಕೀಲರ ವಾದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ 2012ರಲ್ಲಿ ಹೂಡಿದ ದಾವೆಯಲ್ಲಿ ಕೇಂದ್ರದ ಕಡೆಯಿಂದ ಇಂಥದೇ ಮಾತು ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಕೋರ್ಟು ಹೇಳುವ ಮೊದಲೇ ನಮ್ಮ ಹುಡುಗರಿಗೆ ಇದು ಗೊತ್ತಿತ್ತು. ಧಾರವಾಡದ ಸಪ್ತಾಪುರಕ್ಕೆ ಪರೀಕ್ಷೆಗೆ ಓದಲು ಬಂದು ಬಾಡಿಗೆ ಖೋಲಿ ಹುಡುಕುವ ಹುಡುಗನನ್ನು ಕೇಳಿ ನೋಡಿ. "ಯಾವೂರು? ಅಡ್ಡಹೆಸರೇನು? ಯಾರ ಪೈಕಿ?" ಮೂರನೆಯ ಪ್ರಶ್ನೆಗೆ ಉತ್ತರ ಕೊಡದೆ ಉಳಿಯುವ ಅವಕಾಶವೇ ಅವನ ಖಾಸಗಿತನ. ಅದು ಹೋದರೆ ಖೋಲಿಯೂ ಹೋಯಿತು.

ನಮ್ಮ ಮಾಸ್ತರರಿಗೂ ಇಲ್ಲಿ ಒಂದು ಮಾತು ಹೇಳುವುದಿದೆ. ವಿದ್ಯಾರ್ಥಿವೇತನದ ಯಾದಿಯನ್ನು ಮಗುವಿನ ಹೆಸರು, ಜಾತಿ, ಆಧಾರ್ ಸಂಖ್ಯೆ ಸಮೇತ ಫೋಟೊ ಹೊಡೆದು ವಾಟ್ಸಪ್ ಗುಂಪಿಗೆ ಹಾಕುವುದನ್ನು ನಾವು ಕಂಡಿದ್ದೇವೆ. ಹಾಕಿದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಕೆಲಸ ಲಗೂ ಆಗಲಿ ಅಂತ. ಆದರೆ ಆ ಯಾದಿ ಎಷ್ಟು ಮಂದಿಯ ಫೋನಿನಲ್ಲಿ ಹೋಗಿ ಕೂತಿತು, ಎಷ್ಟು ವರ್ಷ ಕೂತಿರುತ್ತದೆ? ಗುಂಪಿನಲ್ಲಿರುವ ಅವ್ವಂದಿರ ಫೋನ್ ನಂಬರು ಯಾರ್ಯಾರ ಕೈಗೆ ಬಿತ್ತು? ಒಬ್ಬರು ಬಾಗಿಲು ತೆರೆದರೆ ಓಣಿಯೇ ಬಯಲಾಗುತ್ತದೆ. ಕೇಂಬ್ರಿಜ್ ಅನಲಿಟಿಕಾ ಹಗರಣದಲ್ಲಿ ಆ ಆ್ಯಪನ್ನು ಹಾಕಿಕೊಂಡಿದ್ದ ಭಾರತೀಯರು ಬರೇ 335. ಗೆಳೆತನದ ಎಳೆ ಹಿಡಿದು ಮಾಹಿತಿ ಸೋರಿಹೋಗಿರಬಹುದಾದವರು 5,62,120 ಎಂದು 2018ರಲ್ಲಿ ಫೇಸ್‌ಬುಕ್ ತಾನೇ ಹೇಳಿತು.

ಈಗ ಮೂಲ ಪ್ರಶ್ನೆಗೆ ಬರೋಣ. ಅಧಿಕಾರವನ್ನು ಒಡೆದು ಹಂಚಿದರೆ ಅದು ತಾನಾಗಿಯೇ ಕೆಳಗಿನವರ ಕೈಗೆ ಬರುತ್ತದೆಯೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಹಳ್ಳಿಯನ್ನೇ ರಾಜ್ಯದ ಘಟಕ ಮಾಡಿರಿ ಎನ್ನುತ್ತಿದ್ದವರ ಎದುರು ನಿಂತು, ಹಳ್ಳಿ ಎಂಬುದು ಅಜ್ಞಾನದ, ಸಣ್ಣತನದ, ಕೋಮುಭಾವದ ಗೂಡು ಎಂದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಅದು ಹಳೇ ಮಾತು, ಹಳ್ಳಿ ಬದಲಾಗಿದೆ ಎನ್ನುವವರು 2025ರ ಡಿಸೆಂಬರನ್ನು ನೆನೆಯಲಿ. ಹುಬ್ಬಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದಲಿತ ಹುಡುಗನನ್ನು ಮದುವೆಯಾದ ಗರ್ಭಿಣಿ ಮಗಳನ್ನು ಕೊಂದ ಆರೋಪದ ಮೇಲೆ ಪೊಲೀಸರು ಹಡೆದ ಅಪ್ಪನನ್ನೇ ಬಂಧಿಸಿದರು. ವ್ಯಕ್ತಿಯನ್ನು ಘಟಕ ಮಾಡುವುದೆಂದರೆ ಊರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಿಲ್ಲದ ಮನುಷ್ಯರನ್ನು ಒಪ್ಪಿಕೊಳ್ಳುವುದು. ಖಾಸಗಿತನದ ಬೇರು ನಮಗೆ ಅಲ್ಲಿದೆ.

ವಿಕೇಂದ್ರೀಕೃತ ಜಾಲವೋ ಮತ್ತೆ ಹಳ್ಳಿಯನ್ನೇ ಘಟಕ ಮಾಡುತ್ತದೆ. ವಾಡೆಯ ಒಡೆಯ ಹೋದ, ಊರಿಗೊಬ್ಬ ಗೌಡ ಬಂದ. ಅವನಿಗೆ ಅಡ್ಮಿನ್ ಎಂದು ಹೆಸರು. ಅವನ ಟೊಂಕದಾಗಿನ ಕೀಲಿಕೈ ಸಣ್ಣದಲ್ಲ. ಮಾಸ್ಟೊಡಾನಿನಲ್ಲಿ ಒಬ್ಬರಿಗೊಬ್ಬರು ಬರೆಯುವ ಗುಟ್ಟಿನ ಪತ್ರ ಬರೇ ಪೋಸ್ಟ್ ಕಾರ್ಡು. ಎರಡೂ ಕಡೆಯ ಅಡ್ಮಿನ್‌ಗಳು ಮನಸ್ಸು ಮಾಡಿದರೆ ಓದಬಲ್ಲರು. ಸಿಗ್ನಲ್ಲಿನಲ್ಲಿ, ಅಷ್ಟೇಕೆ ವಾಟ್ಸಪ್ಪಿನಲ್ಲೂ, ಮಾತು ಮೊಹರು ಬಿದ್ದ ಲಕೋಟೆಯಲ್ಲಿ ಹೋಗುತ್ತದೆ. (ಯಾರು ಯಾರಿಗೆ ಯಾವಾಗ ಬರೆದರೆಂದು ವಾಟ್ಸಪ್ ಕಂಪನಿಗೆ ತಿಳಿಯುತ್ತದೆ ಎಂಬುದು ಬೇರೆ ಮಾತು.) ಮಾಸ್ಟೊಡಾನಿನಲ್ಲಿ ಬರೆದದ್ದನ್ನು ಅಳಿಸಿದರೆ ನಿಮ್ಮ ಸರ್ವರ್ ಅಳಿಸುತ್ತದೆ, ಉಳಿದವಕ್ಕೆ ವಿನಂತಿ ಕಳಿಸುತ್ತದೆ, ಪಾಲಿಸುವುದು ಅವರವರ ಮರ್ಜಿ. ಸಿಟ್ಟು ಬಂದು ಸರ್ವರ್ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದ ಮಾತೆಲ್ಲ ಹಳೇ ಊರಲ್ಲೇ ಉಳಿಯುತ್ತದೆ. ಅಡ್ಮಿನ್‌ಗೆ ಬ್ಯಾಸರಾಗಿ ಯಂತ್ರ ಬಂದ್ ಮಾಡಿದರೆ ಅದೂ ಹೋಯಿತು. ಇದನ್ನೆಲ್ಲ ಮುಚ್ಚಿಟ್ಟಿದ್ದಾರೆ ಎಂದಲ್ಲ, ಇಂಗ್ಲಿಷಿನಲ್ಲಿ ಹೇಳಿದ್ದಾರೆ.

ಅಡ್ಮಿನ್ ಆಗುವವರು ಯಾರು? ಇಂಗ್ಲಿಷ್ ಬಲ್ಲವರು, ತಿಂಗಳು ತಿಂಗಳು ಯಂತ್ರದ ಬಾಡಿಗೆ ಕಟ್ಟಲು ಬ್ಯಾಂಕಿನ ಕಾರ್ಡು ಇದ್ದವರು, ರಾತ್ರಿ ಯಂತ್ರ ಕೆಟ್ಟರೆ ಕೂತು ಸರಿಪಡಿಸುವ ಪುರಸೊತ್ತು ಇದ್ದವರು. ಈ ಮೂರೂ ಕೂಡುವುದು ನಮ್ಮ ಸಮಾಜದ ಯಾವ ಓಣಿಯಲ್ಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಾಸ್ಟೊಡಾನಿನ ದೊಡ್ಡ ಸರ್ವರಿನ ನಿಯಮಗಳಲ್ಲಿ ವರ್ಣಭೇದದ ಜೊತೆಗೆ ಜಾತೀಯತೆಗೂ ನಿಷೇಧ ಇದೆ. ಒಳ್ಳೇದು. ಆದರೆ "ನಿಮ್ಮ ಮಂದಿಗೆ ಈಗೀಗ ಬಾಯಿ ಬಂದೈತಿ" ಎನ್ನುವ ಮಾತಿನಲ್ಲಿ ಒಂದೂ ಬೈಗುಳ ಇಲ್ಲ. ಅದು ಯಾರ ಬಾಯಿಂದ ಯಾರ ಮೇಲೆ ಬಿತ್ತು ಎಂಬುದು ಜರ್ಮನಿಯಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು? ಬೆಂಗಳೂರಲ್ಲಿ ಕೂತವರಿಗೆ ತಿಳಿದೂ ತಿಳಿಯುವುದಿಲ್ಲ.

ಹಾಗೆಂದು ಇದನ್ನು ತಿಪ್ಪೆಗೆ ಒಗೆಯಿರಿ ಎಂದು ನಾವು ಹೇಳುತ್ತಿಲ್ಲ. 2019ರಲ್ಲಿ ಅಮೆರಿಕದ ಗ್ಯಾಬ್ ಎಂಬ ದ್ವೇಷದ ಜಾಲ ಮಾಸ್ಟೊಡಾನಿನ ತಂತ್ರಾಂಶವನ್ನೇ ಎತ್ತಿಕೊಂಡಾಗ ಅನೇಕ ಸರ್ವರುಗಳು ಅದರ ಜೊತೆ ಕೊಡು-ಕೊಳ್ಳುವುದನ್ನು ನಿಲ್ಲಿಸಿದವು. ಬಹಿಷ್ಕಾರದ ಪೆಟ್ಟು ತಿಂದವರು ನಾವು. ಅದು ದ್ವೇಷ ಕಾರುವವರ ಮೇಲೆ ತಿರುಗಿದ್ದು ನಮಗೆ ಸಣ್ಣ ಸಂಗತಿಯಲ್ಲ. ಆದರೆ "ಇವರು ಬರೇ ಜಗಳಗಂಟರು" ಎಂದು ನಾಳೆ ಅದೇ ಬಾಗಿಲನ್ನು ಕೇರಿಯ ಸರ್ವರಿಗೂ ಮುಚ್ಚಬಹುದು.

ಮೊಹರಿನ ಮೇಲೂ ಎಲ್ಲ ಭಾರ ಹಾಕುವಂತಿಲ್ಲ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಒಂದು ವಾಟ್ಸಪ್ ಸ್ಟೇಟಸ್ಸಿನಿಂದ ಹೊತ್ತಿದ ಕಿಚ್ಚು ಕಲ್ಲು ತೂರಾಟಕ್ಕೆ, ನೂರಕ್ಕೂ ಹೆಚ್ಚು ಜನರ ಬಂಧನಕ್ಕೆ ಮುಟ್ಟಿತು. ಆ ಚಿತ್ರವೂ ಮೊಹರಿನೊಳಗೇ ಸಾಗಿದ್ದು. ಹಾಗಾದರೆ ಮೊಹರು ಒಡೆಯಿರಿ ಎನ್ನುತ್ತದೆ ಸರ್ಕಾರ. ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಿ ಕೊಡಬೇಕೆಂಬ ಷರತ್ತನ್ನು 2021ರ ಐಟಿ ನಿಯಮಗಳಲ್ಲಿ ತಂದಿತು. ಒಡೆದ ಮೊಹರು ಮೊದಲು ಬಯಲು ಮಾಡುವುದು ಯಾರನ್ನು? ಪಗಾರ ಕೇಳಿ ಸಂಘ ಕಟ್ಟುವವರನ್ನು, ಜಾತಿ ಮೀರಿ ಮದುವೆಯಾಗಿ ಊರು ಬಿಟ್ಟವರನ್ನು.

ಸ್ವದೇಶಿ ಜಾಲ ಬಂದರೆ ಸಾಕು ಎನ್ನುವವರಿಗೆ 'ಕೂ' ನೆನಪಿರಲಿ. ಬೆಂಗಳೂರಿನ ಆ ಜಾಲ 2020ರಲ್ಲಿ ಮೊದಲು ಕನ್ನಡದಲ್ಲೇ ಕಣ್ಣು ಬಿಟ್ಟಿತು, 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಭಾಷೆ ನಮ್ಮದಿತ್ತು, ಕೀಲಿಕೈ ಹಣ ಹೂಡಿದವರದಿತ್ತು.

ಧಾರವಾಡಕ್ಕೆ ಈ ವಿದ್ಯೆ ಹೊಸದಲ್ಲ. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ 1964ರಲ್ಲಿ ಇಲ್ಲಿಂದಲೇ 'ಸಂಕ್ರಮಣ' ಹೊರಡಿಸಿದರು. ದೊಡ್ಡ ಪತ್ರಿಕೆಗಳ ವಾಡೆಯ ಹೊರಗೆ ಊರೂರಲ್ಲಿ ಹುಟ್ಟಿದ ಕಿರುಪತ್ರಿಕೆಗಳದು ಒಂದು ವಿಕೇಂದ್ರೀಕೃತ ಜಾಲವೇ ಆಗಿತ್ತು. ಆದರೂ ಚಂದಾದಾರರ ವಿಳಾಸದ ವಹಿ ಕೇರಿಯ ಹೆಣ್ಣುಮಗಳ ಕೈಗೆ ಬಂದದ್ದು ಅಪರೂಪ. ಪಂಚಾಯತಿಯ ಕಥೆಯೂ ಅಷ್ಟೆ. 1983ರ ಕಾಯ್ದೆ ಹೆಣ್ಣುಮಕ್ಕಳಿಗೆ ಶೇ. 25ರಷ್ಟು ಸ್ಥಾನ, ಪರಿಶಿಷ್ಟರಿಗೆ ಅವರ ಪಾಲು ಎಂದು ಬರೆದಿಟ್ಟ ಮೇಲೆಯೇ 1987ರ ಚುನಾವಣೆಯಲ್ಲಿ ಅವರು ಖುರ್ಚಿಯ ಮೇಲೆ ಕೂತದ್ದು.

ಹಾಗಾಗಿ ನಮ್ಮ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಚಂದಾ ಎತ್ತಿ ಒಂದು ಕನ್ನಡದ ಸರ್ವರ್ ನಿಲ್ಲಿಸುವುದಾದರೆ ನಾವು ಜೊತೆಗಿದ್ದೇವೆ. ಅಲ್ಲಿ ಅಡ್ಡಹೆಸರು ಕೇಳಬಾರದು. ಬಾಡಿಗೆಯ ಲೆಕ್ಕ ತಿಂಗಳಿಗೊಮ್ಮೆ ಎಲ್ಲರಿಗೂ ಕಾಣಬೇಕು. ಇಲ್ಲಿಯ ಪತ್ರ ಪೋಸ್ಟ್ ಕಾರ್ಡು, ಗುಟ್ಟಿನ ಮಾತಿಗೆ ಸಿಗ್ನಲ್ ಬಳಸಿರಿ ಎಂದು ಬಾಗಿಲಲ್ಲೇ ಕನ್ನಡದಲ್ಲಿ ಬರೆದಿರಬೇಕು. ಅಡ್ಮಿನ್ ಒಬ್ಬರೇ ಇರಬಾರದು. ಮೂವರಿರಲಿ, ವರ್ಷಕ್ಕೊಮ್ಮೆ ಬದಲಾಗಲಿ, ಅವರಲ್ಲಿ ಒಬ್ಬಳಾದರೂ ಕೇರಿಯ ಹೆಣ್ಣುಮಗಳಿರಲಿ. ಮೊದಲ ಸಭೆಯಲ್ಲಿ ಸರ್ವರಿಗೆ ಏನು ಹೆಸರಿಡೋಣ ಎಂಬ ಚರ್ಚೆ ಬ್ಯಾಡ. ಪಾಸ್‌ವರ್ಡ್ ಯಾರ ಯಾರ ಹತ್ತಿರ ಇರಬೇಕು ಎಂಬುದು ಮೊದಲು ತೀರ್ಮಾನವಾಗಲಿ.